ಕಲ್ಯಾಣದ ಹುಡುಗನ ರೆಸ್ಯೂಮೆಯಲ್ಲಿ ಕಾಯಕ ಎಲ್ಲಿದೆ?

ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಹೊರಗಿನ ಬೋರ್ಡಿನಲ್ಲಿ ಪಹಣಿ, ಪ್ಯಾನ್ ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ ಎಂದು ಸಾಲಾಗಿ ಬರೆದು, ಕೊನೆಗೆ ‘ರೆಸ್ಯೂಮೆ ಮಾಡಿಕೊಡಲಾಗುವುದು’ ಎಂದಿದೆ. ಕಳೆದ ವರ್ಷ ಅಕ್ಕನ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಬಸವಕಲ್ಯಾಣದಲ್ಲಿ ಬಿ.ಕಾಂ. ಮುಗಿಸಿದ ಹುಡುಗ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಸ್ಟೋರ್ಸ್ ವಿಭಾಗಕ್ಕೆ ಜನ ಬೇಕು ಎಂದು ಅವನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ರೆಸ್ಯೂಮೆ ತರಬೇಕು ಎಂದೂ ಇತ್ತು.

‘ಫ್ರೆಶರ್ ಏನ್ರಿ?’ ಎಂದರು ಅಂಗಡಿಯವರು. ಹೌದು ಎಂದೆವು. ‘ಹೆಸ್ರು, ಅಪ್ಪನ ಹೆಸ್ರು, ಮಾರ್ಕ್ಸ್ ಹೇಳ್ರಿ. ಐದ್ ಮಿನಿಟ್ನಾಗ ಆಗ್ತದ.’ ಹಿಂದಿನ ಗಿರಾಕಿಯ ಫೈಲು ತೆರೆದು, ಅವನ ಹೆಸರು ಅಳಿಸಿ ಇವನ ಹೆಸರು ಹಾಕಿದರು. ಅವನ ಅಂಕ ತೆಗೆದು ಇವನ ಅಂಕ ತುಂಬಿದರು. ಐದು ನಿಮಿಷವೂ ಬೇಕಾಗಲಿಲ್ಲ. ಎರಡು ಹಾಳೆಯ ಪ್ರಿಂಟು ಬಿಸಿಬಿಸಿಯಾಗಿ ಹೊರಗೆ ಬಂತು.

ಮರುದಿನ ಹುಡುಗ ಕಂಪನಿಗೆ ಹೋದ. ಮೇಜಿನ ಆಚೆ ಕೂತವರು ಹಾಳೆಯನ್ನು ಅರ್ಧ ನಿಮಿಷ ನೋಡಿ, ‘ಅನುಭವ?’ ಎಂದು ಕೇಳಿದರಂತೆ. ‘ಇಲ್ಲ ಸರ್’ ಎಂದನಂತೆ ಇವನು. ಕರೆಯುತ್ತೇವೆ ಎಂದವರು ಕರೆಯಲಿಲ್ಲ. ವಾರದ ಮೇಲೆ ನಾನು ಆ ಹಾಳೆಯನ್ನು ಸಾವಧಾನವಾಗಿ ಓದಿದೆ. ‘ಮೇಲೆ ಹೇಳಿದ್ದೆಲ್ಲ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ’ ಎಂಬರ್ಥದ ಇಂಗ್ಲಿಷ್ ಸಾಲಿನ ಕೆಳಗೆ, ಸ್ಥಳ ಎಂಬಲ್ಲಿ ಭಾಲ್ಕಿ ಎಂದಿತ್ತು. ಅದು ಹಿಂದಿನ ಗಿರಾಕಿಯ ಊರು. ಸತ್ಯ ಎಂದು ಆಣೆಯಿಟ್ಟ ಸಾಲಿಗೆ ಅಂಟಿಕೊಂಡೇ ಒಂದು ಸುಳ್ಳು ಕೂತಿತ್ತು.

ಅದನ್ನು ನೋಡಿ ನಗಬಹುದಿತ್ತು, ನಕ್ಕೆ ಕೂಡ. ನಗು ನಿಂತದ್ದು ಇನ್ನೊಂದು ವಿಷಯ ನೆನಪಾದಾಗ. ಈ ಹುಡುಗ ಪಿಯುಸಿ ಮುಗಿದಂದಿನಿಂದ ಮೂರು ವರ್ಷ, ಕಾಲೇಜು ಬಿಟ್ಟ ಮೇಲೆ ಪ್ರತಿ ಸಂಜೆ, ಸಸ್ತಾಪುರ ಬಂಗ್ಲಾ ಹತ್ತಿರದ ಆಟೋ ನಗರದಲ್ಲಿ ತನ್ನ ಕಾಕಾನ ಲಾರಿ ಬಿಡಿಭಾಗದ ಅಂಗಡಿಯಲ್ಲಿ ಕೂತವನು. ಯಾವ ಗಾಡಿಗೆ ಯಾವ ಬೇರಿಂಗ್, ಯಾವ ಕಪಾಟಿನ ಯಾವ ಸಾಲಿನಲ್ಲಿದೆ, ಎಷ್ಟು ಉಳಿದಿದೆ, ಯಾವಾಗ ತರಿಸಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಸ್ಟೋರ್ಸ್ ಕೆಲಸ ಎಂದರೆ ಇದೇ ಅಲ್ಲವೇ? ಬಂದ ಮಾಲು ಎಣಿಸುವುದು, ಬಿಲ್ಲಿನ ಜೊತೆ ತಾಳೆ ನೋಡುವುದು, ಜಾಗಕ್ಕೆ ಇಡುವುದು, ಕೇಳಿದಾಗ ಕೊಡುವುದು, ಲೆಕ್ಕ ಬರೆಯುವುದು. ಅವನ ಎರಡು ಹಾಳೆಯಲ್ಲಿ ಧರ್ಮ ಇತ್ತು, ಜಾತಿ ಇತ್ತು, ತಂದೆಯ ಹೆಸರು ಮತ್ತು ಉದ್ಯೋಗ ಇತ್ತು, ಅವಿವಾಹಿತ ಎಂದಿತ್ತು, ಆಧಾರ್ ಸಂಖ್ಯೆ ಕೂಡ ಇತ್ತು. ಆ ಅಂಗಡಿಯ ಬಗ್ಗೆ ಒಂದೇ ಒಂದು ಸಾಲು ಇರಲಿಲ್ಲ.

ಇದು ಒಬ್ಬ ಹುಡುಗನ, ಒಂದು ಜೆರಾಕ್ಸ್ ಅಂಗಡಿಯ ಕಥೆಯಲ್ಲ. ಅವತ್ತಿನಿಂದ ಪರಿಚಿತರ ಮಕ್ಕಳ ರೆಸ್ಯೂಮೆಗಳನ್ನು ಕೇಳಿ ಇಸಿದುಕೊಂಡು ಓದುತ್ತಿದ್ದೇನೆ. ಎಲ್ಲವೂ ಒಂದೇ ಅಚ್ಚಿನವು. ಹುಟ್ಟಿನಿಂದ ಬಂದದ್ದೆಲ್ಲ ಅಲ್ಲಿ ತುಂಬಿದೆ, ಕೈಯಿಂದ ಮಾಡಿದ್ದೆಲ್ಲ ಬಿಟ್ಟುಹೋಗಿದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಕುಲದ ಕಾಲಂ ಭರ್ತಿ, ಕಾಯಕದ ಕಾಲಂ ಖಾಲಿ. ಅದೂ ಎಲ್ಲಿ? ಬಸವಕಲ್ಯಾಣದಲ್ಲಿ.

ಈ ಊರಿನ ಹೆಸರು ಹೇಳಿಕೊಂಡು ನಾವು ಎಷ್ಟೊಂದು ಭಾಷಣ ಮಾಡುತ್ತೇವೆ! 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಇಲ್ಲಿ ಅಡಿಗಲ್ಲು ಹಾಕಿದರು. 770 ಶರಣರ ನೆನಪಿಗೆ 770 ಕಂಬಗಳ ಯೋಜನೆ ಅದು. ಆ ಶರಣರು ಲೋಕಕ್ಕೆ ತಮ್ಮನ್ನು ಹೇಗೆ ಪರಿಚಯಿಸಿಕೊಂಡರು ಎಂಬುದನ್ನು ಮಾತ್ರ ನಾವು ಗಮನಿಸಿಲ್ಲ. ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಮೋಳಿಗೆ ಮಾರಯ್ಯ, ಸುಂಕದ ಬಂಕಣ್ಣ, ಆಯ್ದಕ್ಕಿ ಲಕ್ಕಮ್ಮ. ಬಟ್ಟೆ ಒಗೆಯುವವನು, ಬಿದಿರು ಹೆಣೆಯುವವನು, ಚರ್ಮ ಹದ ಮಾಡುವವನು, ಹಗ್ಗ ಹೊಸೆಯುವವನು, ದನ ಕಾಯುವವನು, ಸೌದೆ ಹೊರುವವನು, ಸುಂಕ ಎತ್ತುವವನು, ಚೆಲ್ಲಿದ ಅಕ್ಕಿ ಆಯುವವಳು. ಯಾರ ಮಗ ಎಂಬುದಕ್ಕಿಂತ ಏನು ಮಾಡುತ್ತಾನೆ ಎಂಬುದು ಹೆಸರಿನ ಮುಂದೆ ಬಂತು. ಅಂಬಿಗರ ಚೌಡಯ್ಯನಂತೂ ತನ್ನ ವಚನಗಳಿಗೆ ದೇವರ ಹೆಸರಿನ ಅಂಕಿತವನ್ನೂ ಇಡಲಿಲ್ಲ. ‘ಅಂಬಿಗರ ಚೌಡಯ್ಯ’ ಎಂಬ ತನ್ನ ಕೆಲಸದ ಹೆಸರನ್ನೇ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನು ಹೇಳುತ್ತಿದ್ದೇನೆ, ಕೇಳಿ ಎಂಬ ಸೊಕ್ಕು ಅದು. ಬಸವಣ್ಣ ಬಿಜ್ಜಳನ ಆಡಳಿತದಲ್ಲಿ ಮಂಗಳವೇಡೆಯಲ್ಲಿ ಕರಣಿಕನಾಗಿ ಕೆಲಸ ಶುರು ಮಾಡಿ, ಆಮೇಲೆ ಭಂಡಾರಿಯಾದ ಎಂದು ಪರಂಪರೆ ಹೇಳುತ್ತದೆ. ಲೆಕ್ಕ ಬರೆಯುವ ಹುಡುಗನಾಗಿದ್ದೆ ಎನ್ನುವುದು ಅವನ ಚರಿತ್ರೆಯಲ್ಲಿ ಮುಚ್ಚಿಡುವ ಸಂಗತಿಯಾಗಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಈ ಹೆಸರುಗಳಲ್ಲಿ ಅನೇಕವು ಕೆಲಸದ ಹೆಸರೂ ಹೌದು, ಜಾತಿಯ ಹೆಸರೂ ಹೌದು. ಮಡಿವಾಳ, ಡೋಹರ, ಮೇದಾರ ಎಂಬ ಮಾತುಗಳಲ್ಲಿ ಎರಡೂ ಬೆಸೆದುಕೊಂಡಿವೆ. ಹನ್ನೆರಡನೇ ಶತಮಾನದ ಆ ಜನ ಅವಮಾನದ ಆ ಹೆಸರನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. ಅದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯ ಕಥೆ ಕಲ್ಯಾಣದ ಮಕ್ಕಳಿಗೂ ಗೊತ್ತು. ಆದ್ದರಿಂದ ‘ಶರಣರ ಹಾಗೆ ಜಾತಿ ಬರೆಯಿರಿ’ ಎಂದು ನಾನು ಹೇಳುತ್ತಿಲ್ಲ. ಅವರು ಬೆಸೆದುಕೊಂಡಿದ್ದ ಆ ಎರಡರಲ್ಲಿ ಕೆಲಸದ ಕಡೆಗೆ ವಾಲಿದರು. ನಾವು ಎರಡನ್ನೂ ಬಿಡಿಸಿ, ಕೆಲಸವನ್ನು ಎಸೆದು ಜಾತಿಯನ್ನು ಇಟ್ಟುಕೊಂಡೆವು. ನನ್ನ ತಕರಾರು ಇದು.

ಈ ತಕರಾರು ಬರೀ ಆದರ್ಶದ್ದಲ್ಲ, ಹೊಟ್ಟೆಪಾಡಿನದು. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಎಂಬ ವಿದ್ವಾಂಸರು ಮಾಡಿದ ಒಂದು ಅಧ್ಯಯನ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬಂತು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಉದ್ಯೋಗ ಜಾಹೀರಾತುಗಳಿಗೆ ಅವರು 4,808 ಅರ್ಜಿ ಕಳಿಸಿದ್ದರು. ಓದು ಒಂದೇ, ಅರ್ಹತೆ ಒಂದೇ. ಬದಲಾದದ್ದು ಹೆಸರು ಮಾತ್ರ. ಕೆಲವಕ್ಕೆ ಮೇಲ್ಜಾತಿಯ ಹಿಂದೂ ಹೆಸರು, ಕೆಲವಕ್ಕೆ ದಲಿತ ಹೆಸರು, ಕೆಲವಕ್ಕೆ ಮುಸ್ಲಿಂ ಹೆಸರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸಂದರ್ಶನದ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು ಮಾತ್ರ ಇತ್ತು. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೋ ನಗರಗಳಲ್ಲಿ ಬಿಳಿಯರ ಹೆಸರು, ಕರಿಯರ ಹೆಸರು ಹಾಕಿ ಮಾಡಿದ ಇಂಥದೇ ಪ್ರಯೋಗದ ಫಲಿತಾಂಶ 2004ರಲ್ಲಿ ಬಂದಾಗ, ಬಿಳಿಯರ ಹೆಸರಿಗೆ ಅರ್ಧದಷ್ಟು ಹೆಚ್ಚು ಕರೆ ಬಂದಿದ್ದವು.

ಬರೀ ಹೆಸರೇ ಇಷ್ಟು ಮಾಡಬಲ್ಲುದಾದರೆ, ಹೆಸರಿನ ಕೆಳಗೆ ಧರ್ಮ, ಜಾತಿ, ಉಪಜಾತಿ, ತಂದೆಯ ಉದ್ಯೋಗ ಎಂದು ನಾಲ್ಕು ಸಾಲು ನಾವೇ ಟೈಪು ಮಾಡಿಸಿ, ದುಡ್ಡು ಕೊಟ್ಟು ಪ್ರಿಂಟು ತೆಗೆಸಿ, ಅವರ ಕೈಗೆ ಯಾಕೆ ಕೊಡಬೇಕು? ತಾರತಮ್ಯ ಮಾಡುವವನ ಕೆಲಸವನ್ನು ನಾವೇ ಸಲೀಸು ಮಾಡಿಕೊಡುತ್ತಿದ್ದೇವೆ. ಹೆಸರು ಬದಲಿಸಲು ಆಗದು, ಬದಲಿಸಬೇಕಾಗಿಯೂ ಇಲ್ಲ. ಉಳಿದದ್ದನ್ನು ಕೊಡಬೇಕಾದ ಹಂಗು ಯಾರಿಗೂ ಇಲ್ಲ.

ಹಾಗಾದರೆ ಈ ಸಾಲುಗಳು ರೆಸ್ಯೂಮೆಗೆ ಬಂದದ್ದು ಎಲ್ಲಿಂದ? ನನಗೆ ಕಾಣುವುದು ಎರಡು ಮೂಲ. ಒಂದು, ಮದುವೆಯ ಬಯೋಡೇಟಾ. ನಮ್ಮ ಕಡೆ ಇವತ್ತಿಗೂ ರೆಸ್ಯೂಮೆಗೆ ಬಯೋಡೇಟಾ ಎಂದೇ ಅನ್ನುತ್ತಾರೆ. ಅದೇ ಅಂಗಡಿ, ಅದೇ ಕಂಪ್ಯೂಟರ್, ಅದೇ ಫೈಲು. ಗೋತ್ರ ಮತ್ತು ನಕ್ಷತ್ರ ಕಿತ್ತರೆ ಕೆಲಸದ ಬಯೋಡೇಟಾ, ಹಾಕಿದರೆ ಮದುವೆಯ ಬಯೋಡೇಟಾ. ಹೆಣ್ಣು ಕೊಡುವ ಮನೆಯವರಿಗೆ ಬೇಕಾದ ಮಾಹಿತಿಯನ್ನೇ ಕೆಲಸ ಕೊಡುವವರ ಮುಂದೆ ಇಡುತ್ತಿದ್ದೇವೆ.

ಎರಡನೆಯದು ಸರಕಾರಿ ಅರ್ಜಿ. ಇದನ್ನು ಸ್ವಲ್ಪ ಗೌರವದಿಂದ ನೋಡಬೇಕು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಹುಡುಗರಿಗೆ ಸರಕಾರಿ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಒಂದು ಹಕ್ಕಿನ ಪಾಲು ಸಿಕ್ಕಿದೆ. ಅದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು. ಮೀಸಲಾತಿಗೆ ಜಾತಿ ಪ್ರಮಾಣಪತ್ರ ಬೇಕು. ಅಲ್ಲಿ ಕುಲ ಬರೆಯುವುದು ಹಕ್ಕು ಕೇಳುವುದಕ್ಕೆ, ಶತಮಾನಗಳ ಬಾಕಿ ವಸೂಲಿಗೆ. ಅದನ್ನು ಬರೆಯಲೇಬೇಕು. ಆದರೆ 371(ಜೆ) ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ. ಅಲ್ಲಿ ಜಾತಿ ಬರೆದರೆ ಪಾಲು ಸಿಗುವುದಿಲ್ಲ, ಪೂರ್ವಗ್ರಹ ಮಾತ್ರ ಸಿಗಬಹುದು. ಸರಕಾರಿ ಅರ್ಜಿ ಒಂದು ಬಗೆಯ ಬರವಣಿಗೆ. ಅವರು ಕೇಳಿದ ಖಾನೆಗೆ ನಾವು ಉತ್ತರ ತುಂಬುತ್ತೇವೆ. ರೆಸ್ಯೂಮೆ ಬೇರೆಯೇ ಬರವಣಿಗೆ. ಅಲ್ಲಿ ಖಾನೆಗಳಿಲ್ಲ. ಏನು ಹೇಳಬೇಕು, ಏನು ಬಿಡಬೇಕು ಎಂಬುದನ್ನು ಬರೆಯುವವನೇ ನಿರ್ಧರಿಸಬೇಕು. ಹದಿನೈದು ವರ್ಷ ಖಾನೆ ತುಂಬುವುದನ್ನಷ್ಟೇ ಕಲಿಸಿದ ಮಕ್ಕಳಿಗೆ ಖಾಲಿ ಹಾಳೆ ಕೊಟ್ಟರೆ ಅವರು ಅಲ್ಲೂ ಖಾನೆಗಳನ್ನೇ ಗೀಚುತ್ತಾರೆ. ತಪ್ಪು ಅವರದಲ್ಲ.

ತಪ್ಪು ಯಾರದು? ಮೊದಲು ಕಾಲೇಜುಗಳದು. ಪದವಿ ತರಗತಿಯಲ್ಲಿ ವಚನ ಸಾಹಿತ್ಯದ ಪಾಠವಿದೆ. ಕಾಯಕ ತತ್ವದ ಮೇಲೆ ಹತ್ತು ಅಂಕದ ಪ್ರಶ್ನೆ ಬರುತ್ತದೆ. ಹುಡುಗರು ಗೈಡು ನೋಡಿ ನಾಲ್ಕು ಪುಟ ಬರೆದು ಎಂಟು ಅಂಕ ತೆಗೆದುಕೊಳ್ಳುತ್ತಾರೆ. ‘ನೀನು ಮಾಡಿದ ಕಾಯಕ ಯಾವುದು, ಒಂದು ಪುಟ ಬರಿ’ ಎಂದು ಯಾವ ಮೇಷ್ಟ್ರೂ ಕೇಳುವುದಿಲ್ಲ. ಹೊಲದಲ್ಲಿ ತೊಗರಿ ರಾಶಿ ಮಾಡಿ ಬಂದ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು ಕಾಯಕದ ಮೇಲಿನ ಟಿಪ್ಪಣಿ ಬರೆದುಕೊಳ್ಳುತ್ತಾಳೆ. ಕೊನೆಯ ಸೆಮಿಸ್ಟರಿನಲ್ಲಿ ಯಾರೋ ಒಬ್ಬರು ಬಂದು ಎರಡು ತಾಸಿನ ವ್ಯಕ್ತಿತ್ವ ವಿಕಸನ ಶಿಬಿರ ನಡೆಸಿ, ಒಂದು ಪಿಡಿಎಫ್ ಕಳಿಸಿ ಹೋಗುತ್ತಾರೆ. ಮುನ್ನೂರು ಮಕ್ಕಳು ಅದೇ ಪಿಡಿಎಫ್ ತುಂಬುತ್ತಾರೆ. ಮೇಲೆ ಗುರಿ ಎಂಬ ತಲೆಬರಹ. ಅದರ ಕೆಳಗೆ, ಪ್ರತಿಷ್ಠಿತ ಸಂಸ್ಥೆಯೊಂದರಲ್ಲಿ ಸವಾಲಿನ ಹುದ್ದೆ ಪಡೆದು ಸಂಸ್ಥೆಯ ಬೆಳವಣಿಗೆಗೂ ನನ್ನ ಬೆಳವಣಿಗೆಗೂ ಶ್ರಮಿಸುವುದು ಎಂಬರ್ಥದ ಇಂಗ್ಲಿಷ್ ವಾಕ್ಯ. ಇದರ ಅರ್ಥ ಏನು ಎಂದು ನನ್ನ ಅಕ್ಕನ ಮಗನನ್ನು ಕೇಳಿದೆ. ‘ಗೊತ್ತಿಲ್ಲ ಮಾಮಾ, ಎಲ್ಲರದ್ರಾಗೂ ಇರ್ತದ’ ಎಂದ.

ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬಂದಿವೆ. ಹೆಸರು, ಡಿಗ್ರಿ ಕೊಟ್ಟರೆ ಸಾಕು, ಇನ್ನೂ ಚಂದದ ಇಂಗ್ಲಿಷಿನಲ್ಲಿ ಅದೇ ಟೊಳ್ಳನ್ನು ಸುರಿಯುತ್ತವೆ. ಅಂಗಡಿಯವರ ಹಳೆಯ ಫೈಲಿನಲ್ಲಿ ಊರು ತಪ್ಪಿತ್ತು. ಇಲ್ಲಿ ಊರು ಸರಿಯಿರುತ್ತದೆ, ಮನುಷ್ಯನೇ ಇರುವುದಿಲ್ಲ.

ಎರಡನೇ ತಪ್ಪು ನಮ್ಮ ಮನೆಗಳದು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. ಹೊಸ ರೆಸ್ಯೂಮೆಯಲ್ಲಿ ಅಂಗಡಿಯ ಕೆಲಸ ಬರೆಯೋಣ ಎಂದಾಗ ಮೊದಲು ಬೇಡ ಎಂದವಳು ನನ್ನ ಅಕ್ಕ. ‘ಡಿಗ್ರಿ ಓದಿಸೀವಿ. ಸಾಮಾನ್ ಮಾರ್ತಿದ್ದ ಅಂತ ಬರೀಬ್ಯಾಡೋ, ಮಂದಿ ಏನಂತಾರ?’ ಹುಡುಗನದೂ ಅದೇ ಮಾತು. ‘ಅದೇನ್ ಅನುಭವ ಮಾಮಾ? ಅದು ಮನಿ ಕೆಲಸ.’ ಮೂರು ವರ್ಷ ದುಡಿದದ್ದು ಅವನಿಗೆ ಅನುಭವ ಅನಿಸಿರಲಿಲ್ಲ. ಯಾರೋ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟರೆ ಮಾತ್ರ ಅದು ಅನುಭವ. ಅನುಭವ ಮಂಟಪ ಎಂಬ ಹೆಸರನ್ನು ದಿನಾ ಕಿವಿಯಲ್ಲಿ ಕೇಳಿ ಬೆಳೆದ ಊರಿನ ಹುಡುಗ ‘ನಂದೇನೂ ಅನುಭವ ಇಲ್ಲ’ ಎನ್ನುತ್ತಾನೆ. ಓದು ಎಂದರೆ ಕೈ ಕೆಲಸದಿಂದ ಪಾರಾಗುವ ದಾರಿ ಎಂದು ಅವನಿಗೆ ಕಲಿಸಿದವರು ನಾವೇ. ಆ ಕಲಿಕೆಯ ಫಲ ಆ ಎರಡು ಹಾಳೆ.

ಅವತ್ತು ರಾತ್ರಿ ನಾವಿಬ್ಬರೂ ಕೂತು ಹೊಸದಾಗಿ ಬರೆದೆವು. ಕಂಪ್ಯೂಟರ್ ತೆಗೆಯಲಿಲ್ಲ. ನೋಟುಪುಸ್ತಕದಲ್ಲಿ, ಮೊದಲು ಕನ್ನಡದಲ್ಲಿ. ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ಎಲ್ಲಿ ಕೂತಿದ್ದೆ? ಎಷ್ಟು ದಿನ, ದಿನಕ್ಕೆ ಎಷ್ಟು ತಾಸು? ಕೈಯಾರೆ ಏನೇನು ಮಾಡಿದೆ? ನೀನು ಬಂದ ಮೇಲೆ ಅಂಗಡಿಯಲ್ಲಿ ಏನು ಬದಲಾಯಿತು? ಕೊನೆಯ ಪ್ರಶ್ನೆಗೆ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ಮೊದಲು ಉದ್ರಿಯನ್ನು ಒಂದು ಹಳೇ ಡೈರಿಯಲ್ಲಿ ಬರೆಯುತ್ತಿದ್ದರು, ಯಾರು ಎಷ್ಟು ಕೊಡಬೇಕು ಎಂದು ಹುಡುಕಲು ಅರ್ಧ ದಿನ ಹೋಗುತ್ತಿತ್ತು. ಅವನು ಅದನ್ನು ಎಕ್ಸೆಲ್‌ಗೆ ಏರಿಸಿ, ಪ್ರತಿ ಶನಿವಾರ ಬಾಕಿ ಇರುವವರಿಗೆ ಫೋನು ಮಾಡತೊಡಗಿದ. ಕಾಕಾನ ಬಾಕಿ ಬೇಗ ಬರತೊಡಗಿತು.

ಹಳೆಯ ಹಾಳೆಯಲ್ಲಿ ಇದರ ಜಾಗದಲ್ಲಿ ಏನಿತ್ತು ಗೊತ್ತೇ? ಪ್ರಾಮಾಣಿಕ, ಪರಿಶ್ರಮಿ, ಬೇಗ ಕಲಿಯುವವ, ತಂಡದಲ್ಲಿ ಕೆಲಸ ಮಾಡುವವ. ನಾಲ್ಕು ವಿಶೇಷಣ, ಒಂದೂ ಕ್ರಿಯಾಪದವಿಲ್ಲ. ಸಾಹಿತ್ಯ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಥೆಯಲ್ಲಿ ‘ಅವಳು ತುಂಬ ದಯಾಳು’ ಎಂದು ಬರೆದರೆ ನಾವು ನಂಬುವುದಿಲ್ಲ. ಅವಳು ಯಾರಿಗೆ ಏನು ಕೊಟ್ಟಳು ಎಂದು ತೋರಿಸು ಎನ್ನುತ್ತೇವೆ. ರೆಸ್ಯೂಮೆ ಓದುವವನೂ ಅದೇ ಓದುಗ. ಅವನಿಗೆ ಪುರುಸೊತ್ತು ಇನ್ನೂ ಕಡಿಮೆ. ‘ಪ್ರಾಮಾಣಿಕ’ ಎಂದರೆ ಅವನು ಮುಂದೆ ಹೋಗುತ್ತಾನೆ. ‘ಮೂರು ವರ್ಷ ಗಲ್ಲಾ ನೋಡಿಕೊಂಡೆ, ದಿನದ ಕೊನೆಗೆ ರೊಕ್ಕ ಮತ್ತು ಬಿಲ್ಲು ತಾಳೆ ಮಾಡಿ ಕೊಟ್ಟೆ’ ಎಂದರೆ ನಿಲ್ಲುತ್ತಾನೆ.

ಹೀಗೆ ಹುಡುಕಿದರೆ ಪ್ರತಿ ಮನೆಯಲ್ಲೂ ಸಿಗುತ್ತದೆ. ತಾಯಿಯ ಸ್ತ್ರೀಶಕ್ತಿ ಸಂಘದ ಠರಾವು ಪುಸ್ತಕ ಬರೆಯುವ ಹುಡುಗಿ ಇದ್ದಾಳೆ. ಸಭೆಯ ನಡಾವಳಿ ಬರೆಯುವುದು, ಉಳಿತಾಯದ ಲೆಕ್ಕ ಇಡುವುದು, ಬ್ಯಾಂಕಿಗೆ ಹೋಗಿ ತುಂಬಿ ಬರುವುದು ಎಲ್ಲ ಅವಳೇ. ಅವಳ ರೆಸ್ಯೂಮೆಯಲ್ಲಿ ಹವ್ಯಾಸ, ಹಾಡು ಕೇಳುವುದು. ಓಣಿಯ ಹತ್ತು ಮಕ್ಕಳಿಗೆ ಟ್ಯೂಷನ್ ಹೇಳುವವಳು ಅದನ್ನು ಬರೆಯುವುದಿಲ್ಲ, ಏಕೆಂದರೆ ಅದಕ್ಕೆ ಸರ್ಟಿಫಿಕೇಟಿಲ್ಲ. ಎನ್ನೆಸ್ಸೆಸ್ ಶಿಬಿರದಲ್ಲಿ ನೂರು ಜನರ ಅಡುಗೆಯ ಸಾಮಾನು ಲೆಕ್ಕ ಹಾಕಿ ತಂದವನು ‘ಎನ್ನೆಸ್ಸೆಸ್ ಸ್ವಯಂಸೇವಕ’ ಎಂಬ ಎರಡೇ ಪದದಲ್ಲಿ ಅದನ್ನು ಮುಗಿಸುತ್ತಾನೆ.

ಭಾಷೆಯ ಸಾಲನ್ನು ಮರೆಯಬಾರದು. ನಮ್ಮ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದ್ ಮತ್ತು ಪುಣೆ ನಡುವಿನ ಹೆದ್ದಾರಿ ನಮ್ಮ ಮೂಲಕವೇ ಹೋಗುತ್ತದೆ. ಒಂದು ಕಡೆ ಜಹೀರಾಬಾದ್, ಇನ್ನೊಂದು ಕಡೆ ಉಮರ್ಗಾ. ಹೀಗಾಗಿ ಹುಮನಾಬಾದಿನ ಹುಡುಗ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ, ಅತ್ತೆಯ ಊರಲ್ಲಿ ಮರಾಠಿ ಮಾತಾಡುತ್ತಾನೆ, ತೆಲುಗು ಲಾರಿ ಚಾಲಕನ ಜೊತೆ ವ್ಯವಹಾರ ಮುಗಿಸುತ್ತಾನೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಹುಡುಗನಿಗೆ ಇಲ್ಲದ ಬಂಡವಾಳ ಇದು. ಮೂರು ರಾಜ್ಯಕ್ಕೆ ಮಾಲು ಕಳಿಸುವ ಕಂಪನಿಗೆ ಇದಕ್ಕಿಂತ ಬೇಕಾದ್ದು ಏನಿದೆ? ಇವನು ಮಾತ್ರ ಇಂಗ್ಲಿಷ್, ಹಿಂದಿ, ಕನ್ನಡ ಎಂದು ಎರಡನೇ ಹಾಳೆಯ ತಳದಲ್ಲಿ ಬರೆದಿರುತ್ತಾನೆ. ಸರಿಯಾಗಿ ಬಾರದ ಇಂಗ್ಲಿಷು ಮೊದಲು, ಅಂಗಡಿ ನಡೆಸಿದ ಮರಾಠಿ ಕಾಣೆ. ಯಾವ ಭಾಷೆಯಲ್ಲಿ ಏನು ಮಾಡಬಲ್ಲೆ ಎಂದು ಬರೆದರೆ ಅದೇ ಒಂದು ಅರ್ಹತೆ: ಮರಾಠಿ ಮತ್ತು ಹಿಂದಿಯಲ್ಲಿ ಗಿರಾಕಿಗಳ ಜೊತೆ ಫೋನಿನಲ್ಲಿ ವ್ಯವಹರಿಸುತ್ತೇನೆ, ಇಂಗ್ಲಿಷಿನಲ್ಲಿ ಬಿಲ್ಲು ಮತ್ತು ಮೇಲ್ ಓದಿ ಉತ್ತರ ಬರೆಯುತ್ತೇನೆ. ಇಷ್ಟು ಸಾಕು.

ಕೊನೆಗೆ ಇಂಗ್ಲಿಷಿಗೆ ತರಬೇಕಾಯಿತು, ತಂದೆವು. ಹೈದರಾಬಾದಿಗೂ ಪುಣೆಗೂ ಕನ್ನಡದ ಹಾಳೆ ಕಳಿಸಲಾಗದು. ಆದರೆ ಕನ್ನಡದಲ್ಲಿ ಮೊದಲು ಬರೆದದ್ದರಿಂದ ಅವನಿಗೆ ಪ್ರತಿ ಸಾಲಿನ ಅರ್ಥ ಗೊತ್ತಿತ್ತು. ಸಂದರ್ಶನದಲ್ಲಿ ಯಾವ ಸಾಲಿನ ಮೇಲೆ ಬೆರಳಿಟ್ಟರೂ ಅವನು ಐದು ನಿಮಿಷ ಮಾತಾಡಬಲ್ಲ. ಎರಡು ಹಾಳೆ ಒಂದಾಯಿತು. ಮೇಲೆ ಹೆಸರು, ಊರು, ಫೋನ್, ಇಮೇಲ್. ಆಮೇಲೆ ಅಂಗಡಿಯ ಕೆಲಸ ನಾಲ್ಕು ಸಾಲು, ಬಿ.ಕಾಂ. ಒಂದು ಸಾಲು, ಟ್ಯಾಲಿ ಮತ್ತು ಎಕ್ಸೆಲ್‌ನಲ್ಲಿ ಏನು ಮಾಡಬಲ್ಲ ಎಂಬುದು ಎರಡು ಸಾಲು, ಭಾಷೆ ಒಂದು ಸಾಲು. ಅವನ ಕೆಲಸ ಕಂಡು ಹೇಳಬಲ್ಲ ಒಬ್ಬ ಹಳೆಯ ಗಿರಾಕಿಯ ಹೆಸರು ಕೇಳಿದರೆ ಕೊಡುತ್ತೇನೆ ಎಂಬ ಮಾತು. ಆಧಾರ್ ಹೋಯಿತು, ಅದು ವಂಚಕರ ಕೈಗೆ ಕೊಡುವ ಚಾವಿ. ಜಾತಿ ಹೋಯಿತು, ಧರ್ಮ ಹೋಯಿತು, ಅವಿವಾಹಿತ ಹೋಯಿತು. ಆಣೆಯ ಸಾಲೂ ಹೋಯಿತು, ರೆಸ್ಯೂಮೆ ಕೋರ್ಟಿನ ಅಫಿಡವಿಟ್ ಅಲ್ಲ. ಅವನು ಒಂದು ಕಡೆ ‘ಅಂಗಡಿಯ ಮ್ಯಾನೇಜರ್’ ಎಂದು ಬರೆಯಲು ಹೋದ. ನಾನು ತಡೆದೆ. ಆಯ್ದಕ್ಕಿ ಮಾರಯ್ಯ ಅವತ್ತಿನ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು ಎಂಬ ಕಥೆ ಅವನಿಗೂ ಗೊತ್ತಿತ್ತು. ‘ಸಹಾಯಕ’ ಎಂದು ತಿದ್ದಿದ.

ಇಷ್ಟೆಲ್ಲ ಕೇಳಿ ಒಬ್ಬ ಗೆಳೆಯರು ಸಿಟ್ಟಾದರು. ‘ಕೆಲಸವೇ ಇಲ್ಲದ ಜಿಲ್ಲೆಯಲ್ಲಿ ಕಾಗದ ತಿದ್ದಿಸುತ್ತೀರಲ್ಲ, ನಿರುದ್ಯೋಗದ ಹೊಣೆಯನ್ನು ನಿರುದ್ಯೋಗಿಯ ತಲೆಗೇ ಕಟ್ಟಿದ ಹಾಗಾಯಿತು’ ಎಂದರು. ಈ ಮಾತಿನಲ್ಲಿ ಬಹಳ ಸತ್ಯವಿದೆ. ರೆಸ್ಯೂಮೆ ಒಂದೇ ಒಂದು ಹುದ್ದೆಯನ್ನೂ ಹುಟ್ಟಿಸುವುದಿಲ್ಲ. ಈ ಪ್ರದೇಶದ ಹೆಸರನ್ನು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಬದಲಿಸಿದರು. ಹೆಸರಿನ ವೇಗದಲ್ಲಿ ಕೆಲಸ ಬರಲಿಲ್ಲ. 2017ರ ಅಕ್ಟೋಬರಿನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. ನಮ್ಮ ಮಕ್ಕಳು ಹೊರಗೆ ಹೋಗುವುದು ಸುಲಭವಾಯಿತು. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಉಸಿರು ಹಿಡಿಯಲು ಅದು ಬೇಕು, ಬದುಕಲು ಸಾಲದು. ಕೈಗಾರಿಕೆ ಕೇಳುವ, ಖಾಲಿ ಹುದ್ದೆ ತುಂಬಲು ಒತ್ತಾಯಿಸುವ ಹೋರಾಟವನ್ನು ಯಾವ ರೆಸ್ಯೂಮೆಯೂ ಬದಲಿಸಲಾಗದು.

ಆದರೂ ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ಇರುವ ಆ ಹತ್ತು ಹುದ್ದೆ ಯಾರ ಪಾಲಾಗುತ್ತಿವೆ ಎಂದು ನೋಡಿ. ಮನೆಯಲ್ಲಿ ಇಂಗ್ಲಿಷ್ ಬಲ್ಲ ಅಪ್ಪ, ಕಂಪನಿಯಲ್ಲಿರುವ ಮಾಮಾ, ಹಾಳೆ ತಿದ್ದಿಕೊಡುವ ಅಕ್ಕ ಇರುವ ಮಕ್ಕಳಿಗೆ. ಅವರು ಎರಡು ವಾರದ ಇಂಟರ್ನ್‌ಶಿಪ್ಪನ್ನು ಅರ್ಧ ಪುಟ ಬರೆಯುತ್ತಾರೆ. ನಮ್ಮ ಹುಡುಗ ಮೂರು ವರ್ಷದ ದುಡಿಮೆಯನ್ನು ಮುಚ್ಚಿಡುತ್ತಾನೆ. ಈ ಅಂತರವನ್ನು ಸರಕಾರದ ದಾರಿ ಕಾಯದೆ, ಒಂದು ಪೆನ್ನು ಮತ್ತು ಒಂದು ಸಂಜೆಯಲ್ಲಿ ಅಷ್ಟಿಷ್ಟು ಮುಚ್ಚಬಹುದಾದರೆ, ಅದನ್ನು ಬೇಡ ಎನ್ನಲು ನಾವು ಯಾರು?

ಹಾಗಾಗಿ ನನ್ನ ಬೇಡಿಕೆಗಳು ಸಣ್ಣವು. ಕನ್ನಡ ಮೇಷ್ಟ್ರುಗಳೇ, ಇದನ್ನು ಪ್ಲೇಸ್‌ಮೆಂಟ್ ಸೆಲ್ಲಿನ ಕೆಲಸ ಎಂದು ತಳ್ಳಿಹಾಕಬೇಡಿ. ವಚನದ ಪಾಠ ಮುಗಿದ ದಿನ ಒಂದು ಪುಟ ಬರೆಸಿ: ನಾನು ಮಾಡಿದ ಕೆಲಸ. ಎರಡು ಸಲ ತಿದ್ದಿಸಿ. ಗದ್ಯ ಕಲಿಸಲು ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಕಂಪನಿಯವರೇ, ನಿಮ್ಮ ಅರ್ಜಿ ನಮೂನೆಯಿಂದ ಧರ್ಮ, ಜಾತಿ, ತಂದೆಯ ಉದ್ಯೋಗದ ಖಾನೆ ಕಿತ್ತುಹಾಕಿ, ‘ಅನುಭವ’ ಎಂದು ಕೇಳುವ ಬದಲು ‘ಇಲ್ಲಿಯವರೆಗೆ ಏನೇನು ಕೆಲಸ ಮಾಡಿದ್ದೀಯ’ ಎಂದು ಕೇಳಿ. ಉತ್ತರ ಬೇರೆ ಬರುತ್ತದೆ. ಜೆರಾಕ್ಸ್ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಕಾಲೇಜು ಮಾಡದ ಕೆಲಸವನ್ನು ಅವರು ಐದು ನಿಮಿಷದಲ್ಲಿ ಮಾಡಬೇಕಾಗಿದೆ. ಅವರಿಗೂ ಒಂದು ಕೋರಿಕೆ: ಹಳೆಯ ಫೈಲಿನ ಬದಲು ಖಾಲಿ ಫೈಲು ತೆರೆಯಿರಿ.

ಹೊಸ ಹಾಳೆಯಿಂದ ಅಕ್ಕನ ಮಗನಿಗೆ ಕೆಲಸ ಸಿಕ್ಕಿತು ಎಂದು ಬರೆದರೆ ಇದು ಸಾಬೂನಿನ ಜಾಹೀರಾತಾಗುತ್ತದೆ. ಸಿಗಲಿಲ್ಲ. ಜಹೀರಾಬಾದ್ ಕಡೆಯ ಒಂದು ಗೋದಾಮಿನಿಂದ ಕರೆ ಬಂತು, ಹೋದ. ಕೊನೆಗೆ ಅವರು ಐದು ವರ್ಷ ದುಡಿದವನೊಬ್ಬನನ್ನು ತೆಗೆದುಕೊಂಡರು. ಆದರೆ ಈ ಸಲ ‘ಅನುಭವ?’ ಎಂದು ಕೇಳಿ ಸುಮ್ಮನಾಗಲಿಲ್ಲ. ಉದ್ರಿಯ ಸಾಲಿನ ಮೇಲೆ ಬೆರಳಿಟ್ಟು, ಬಾಕಿ ಕೊಡದವರ ಹತ್ತಿರ ಹೇಗೆ ಮಾತಾಡುತ್ತಿದ್ದೆ ಎಂದು ಹತ್ತು ನಿಮಿಷ ಕೇಳಿದರಂತೆ. ರಾತ್ರಿ ಹುಮನಾಬಾದಿನಲ್ಲಿ ಬಸ್ಸಿಳಿದು ನನಗೆ ಫೋನು ಮಾಡಿದ. ‘ಮಾಮಾ, ಅಂಗಡಿದು ಕೇಳಿದ್ರು. ಎಲ್ಲಾ ಹೇಳಿದೆ’ ಎಂದ.

ಈಗ ಅವನು ಇನ್ನೂ ಮೂರು ಕಡೆ ಆ ಹಾಳೆ ಕಳಿಸಿದ್ದಾನೆ. ಸಂಜೆ ಅಂಗಡಿಗೆ ಹೋಗುತ್ತಾನೆ. ಗೆಳೆಯರಿಬ್ಬರ ಹಾಳೆ ತಿದ್ದಿಕೊಟ್ಟನಂತೆ, ಅದಕ್ಕೂ ಮೊದಲು ಅವರಿಗೆ ನಾಲ್ಕು ಪ್ರಶ್ನೆ ಕೇಳಿದನಂತೆ.